ಶಾಲೆಯ ಗಂಟೆ ಹೊಡೆದ ಮೇಲೆ



ಈ ದತ್ತಿ ಉಪನ್ಯಾಸಕ್ಕೆ ಮೂಲಧನ ಇಟ್ಟ ತಾಯಿ ತಮ್ಮ ಹೆಸರು ಎಲ್ಲೂ ಬರಕೂಡದು ಎಂದಿದ್ದಾರೆ. ಆ ಮಾತು ಮೀರುವುದಿಲ್ಲ. ಅವರ ಎರಡನೆಯ ಷರತ್ತನ್ನು ಮಾತ್ರ ನಿಮಗೆ ಹೇಳಲೇಬೇಕು. ವಿಷಯ ಯುವಜನರ ಮಾದಕ ವ್ಯಸನ ಎಂದು ಗೊತ್ತಾದ ಕೂಡಲೇ ಸಂಘಟಕರು ಎರಡು ಕಾಲೇಜುಗಳ ಹುಡುಗರನ್ನು ಬಸ್ಸಿನಲ್ಲಿ ಕರೆತರುವ ಯೋಚನೆ ಮಾಡಿದ್ದರು. ಆ ತಾಯಿ ಒಪ್ಪಲಿಲ್ಲ. “ಹುಡುಗರನ್ನ ಸಾಲಾಗಿ ಕೂಡ್ರಸಿ ಬುದ್ಧಿ ಹೇಳೂದು ಸಾಕ್ರಿ, ಅವರು ಬೇಕಾದಷ್ಟು ಕೇಳ್ಯಾರ. ಮನಿಯವರನ್ನ ಕರೀರಿ” ಎಂದರಂತೆ. ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದೇ ಆ ಒಂದು ಮಾತಿಗೆ. ಆರೂವರೆಗೆ ಮುಗಿಸಿ ಹೊರಡಬೇಕು ಎಂದು ಸಂಘಟಕರಿಗೆ ಮೊದಲೇ ತಿಳಿಸಿದ್ದೇನೆ; ಆದ್ದರಿಂದ ಉಪಚಾರದ ಮಾತು ಇಷ್ಟು ಸಾಕು.

ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದವನು ನಾನು. ಅದರಲ್ಲಿ ಹನ್ನೆರಡು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್‌ನ ಅಧಿಕಾರಿ. ಎನ್ನೆಸ್ಸೆಸ್ ಎಂದರೆ ಜಾಥಾ. ಜೂನ್ 26 ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ಆ ದಿನ ಬೆಳಿಗ್ಗೆ ಹತ್ತಕ್ಕೆ ಹುಡುಗರ ಕೈಗೆ ಫಲಕ ಕೊಟ್ಟು, ಬಸ್ ನಿಲ್ದಾಣದಿಂದ ತಹಶೀಲ್ದಾರ್ ಕಚೇರಿಯವರೆಗೆ ಘೋಷಣೆ ಕೂಗಿಸಿ, ಮನವಿ ಕೊಟ್ಟು, ಫೋಟೋ ತೆಗೆಸಿ ವರದಿ ಕಳಿಸಿದರೆ ಆ ವರ್ಷದ ಜಾಗೃತಿ ಮುಗಿಯಿತು. ಒಂದು ವರ್ಷ ಜಾಥಾ ಮುಗಿಸಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಕೂತೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ಕರೆದು ಇಪ್ಪತ್ತು ರೂಪಾಯಿ ಕೊಟ್ಟು, ಎದುರಿನ ಗೂಡಂಗಡಿಯಿಂದ ಅಡಿಕೆ ಮತ್ತು ಜರ್ದಾ ತರಲು ಹೇಳಿದೆ. ಅವನ ಕೈಯಲ್ಲಿ ಇನ್ನೂ ಫಲಕವಿತ್ತು. ಅದನ್ನು ಗೋಡೆಗೆ ಆನಿಸಿಟ್ಟು ಹೋದ. ತಂದುಕೊಟ್ಟ, ಚಿಲ್ಲರೆ ಎಣಿಸಿ ಕೊಟ್ಟ, ಮತ್ತೆ ಫಲಕ ಎತ್ತಿಕೊಂಡು ಹೊರಟ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಬೇಸರವೂ ಇರಲಿಲ್ಲ. ಅವನಿಗೆ ಇದು ದಿನದ ಮಾತು. ಮನೆಯಲ್ಲಿ ಅಪ್ಪ ಕಳಿಸುತ್ತಾನೆ, ಕಾಲೇಜಿನಲ್ಲಿ ಮೇಷ್ಟ್ರು ಕಳಿಸುತ್ತಾರೆ.

ನಾನು ಜರ್ದಾ ಬಿಟ್ಟದ್ದು ಆ ದಿನವಲ್ಲ. ಬಿಟ್ಟೆ ಎಂದು ಹೇಳಿದ್ದರೆ ಕತೆ ಚೆಂದವಾಗುತ್ತಿತ್ತು. ಬಿಡಲು ಇನ್ನೂ ನಾಲ್ಕು ವರ್ಷ ಹಿಡಿಯಿತು, ಹಲ್ಲಿನ ಡಾಕ್ಟರು ಹೆದರಿಸಿದ ಮೇಲೆ.

ಜಾಥಾ, ಪ್ರತಿಜ್ಞೆ, ಭಾಷಣ ಇವುಗಳಿಂದ ಚಟ ನಿಲ್ಲುತ್ತದೆಯೇ ಎಂಬುದನ್ನು ನಮಗಿಂತ ಮೊದಲೇ ಅಮೆರಿಕದವರು ದೊಡ್ಡ ಖರ್ಚಿನಲ್ಲಿ ಪರೀಕ್ಷೆ ಮಾಡಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ‘ಡೇರ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಕೆಡುಕನ್ನು ಹೇಳುತ್ತಿದ್ದರು. ಅದು ದೇಶದ ಉದ್ದಗಲಕ್ಕೂ ಹಬ್ಬಿತು. ಪೋಷಕರಿಗೆ ಸಂತೋಷ, ಪೊಲೀಸರಿಗೆ ಸಂತೋಷ. 1990ರ ದಶಕದಲ್ಲಿ ಸಂಶೋಧಕರು ಆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದಾಗ ಚಟದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಮುಂದೆ ಅವರು ಪಾಠವನ್ನೇ ಬದಲಿಸಬೇಕಾಯಿತು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಹೆದರಿಸುವ ಮಾಹಿತಿ ಫಲ ಕೊಡುವುದಿಲ್ಲ, ಒಮ್ಮೆ ಬಂದು ಹೋಗುವ ಭಾಷಣ ಫಲ ಕೊಡುವುದಿಲ್ಲ, ಚಟ ಬಿಟ್ಟವರನ್ನು ವೇದಿಕೆಗೆ ಹತ್ತಿಸಿ ಅನುಭವ ಹೇಳಿಸುವುದೂ ಅಷ್ಟಕ್ಕಷ್ಟೆ. ಹನ್ನೆರಡು ವರ್ಷ ನಾನು ಮಾಡಿದ್ದು ಈ ಮೂರನ್ನೇ.

ಹಾಗಾದರೆ ಚಟ ಎಲ್ಲಿಂದ ಬರುತ್ತದೆ? ಗಾಂಜಾ, ಬೆಂಗಳೂರಿನ ಪಾರ್ಟಿ, ಮಾತ್ರೆ ಎಂದು ಟಿವಿಯವರು ತೋರಿಸುವುದು ಸುಳ್ಳಲ್ಲ. ಆದರೆ ಮೊದಲ ಮೆಟ್ಟಿಲು ಅಷ್ಟು ದೂರ ಇಲ್ಲ. 2019ರಲ್ಲಿ ನಡೆದ ನಾಲ್ಕನೆಯ ಸುತ್ತಿನ ಯುವಜನ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇಕಡಾ 8.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅದಕ್ಕಿಂತ ನನ್ನನ್ನು ನಡುಗಿಸಿದ್ದು ಇನ್ನೊಂದು ಅಂಕಿ. ಅಗಿಯುವ ತಂಬಾಕು ಹಾಕುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಮೊದಲು ಬಾಯಿಗಿಟ್ಟದ್ದು ಹತ್ತು ವರ್ಷ ತುಂಬುವ ಮುಂಚೆ. ಹತ್ತರೊಳಗಿನ ಮಗುವಿಗೆ ಕೆಟ್ಟ ಗೆಳೆಯರು ಎಲ್ಲಿಂದ ಬರಬೇಕು? ಅದಕ್ಕೆ ಗೊತ್ತಿರುವ ಲೋಕ ಎಂದರೆ ಮನೆ, ಓಣಿ, ಓಣಿಯ ತಿರುವಿನ ಅಂಗಡಿ. ಅಪ್ಪನ ಅಂಗಿಯ ಜೇಬು, ಅಜ್ಜಿಯ ಎಲೆಅಡಿಕೆ ಚೀಲ. “ಓಡಿ ಹೋಗಿ ಒಂದ್ ಕಟ್ಟು ಬೀಡಿ ತಾ, ಉಳದದ್ದಕ್ಕ ಚಾಕ್ಲೇಟ್ ತಗೊ” ಎಂದು ನಾವೇ ದಾರಿ ತೋರಿಸಿದ ಮಕ್ಕಳು ಇವರು.

ಅದೇ ವರ್ಷ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯ ವರದಿ ಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ ಎಂಬುದು ಪತ್ರಿಕೆಗಳ ತಲೆಬರಹವಾಯಿತು. ಒಳಗಿನ ಪುಟದಲ್ಲಿ ಉಳಿದದ್ದು ಒಂದಿದೆ: ಮೂಸುವ ಚಟ. ಪಂಕ್ಚರ್ ಹಾಕುವ ಸೊಲ್ಯೂಶನ್, ವೈಟ್ನರ್, ಪೇಂಟಿನ ಥಿನ್ನರ್ ಬಟ್ಟೆಗೆ ಸುರಿದುಕೊಂಡು ಮೂಸುವುದು. ಇದೊಂದರಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣ ಹೆಚ್ಚು. 10ರಿಂದ 17 ವರ್ಷದವರಲ್ಲಿ ಶೇಕಡಾ 1.17, ದೊಡ್ಡವರಲ್ಲಿ 0.6ರ ಆಸುಪಾಸು. ನೆರವು ಬೇಕಾದ ಮಕ್ಕಳು 4.6 ಲಕ್ಷ ಎಂದು ಅಂದಾಜು. ಸ್ಟೇಶನರಿ ಅಂಗಡಿಯಲ್ಲಿ, ಸೈಕಲ್ ಅಂಗಡಿಯಲ್ಲಿ ಸಿಗುವ ಈ ವಸ್ತುವಿಗೆ ಯಾವ ಪೊಲೀಸರು ಕಾವಲು ನಿಲ್ಲಬೇಕು ಹೇಳಿ.

ಕಾನೂನಿಗೆ ನಮ್ಮಲ್ಲಿ ಕೊರತೆ ಇಲ್ಲ. 2003ರ ತಂಬಾಕು ಕಾಯ್ದೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎನ್ನುತ್ತದೆ. ಕರ್ನಾಟಕ ಈಚೆಗೆ ಅದಕ್ಕೆ ತಿದ್ದುಪಡಿ ತಂದು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರ್‌ಗಳನ್ನು ಮುಚ್ಚಿಸಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವಿನ ಕೈಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಗುಟ್ಕಾವನ್ನು ನಮ್ಮ ರಾಜ್ಯ 2013ರ ಮೇ ತಿಂಗಳಲ್ಲೇ ನಿಷೇಧಿಸಿತು. ಆಮೇಲೆ ಆದದ್ದೇನು ಎಂಬುದು ಹಿಂದಿನ ಬಾಗಿಲ ಹತ್ತಿರ ನಿಂತು ಕೇಳುತ್ತಿರುವ ಬಜಾರದ ಗೆಳೆಯರಿಗೆ ನನಗಿಂತ ಚೆನ್ನಾಗಿ ಗೊತ್ತು: ಒಂದು ಚೀಟಿ ಇದ್ದದ್ದು ಎರಡಾಯಿತು. ಪಾನ್ ಮಸಾಲಾದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುವ ಕಲೆಯನ್ನು ಎಂಟನೇ ಇಯತ್ತೆಯ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾನೆ.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶವಿದೆ. ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟುವುದಿಲ್ಲ. 1990ರ ದಶಕದಲ್ಲಿ ಅಲ್ಲಿನ ಹದಿಹರೆಯದವರು ಯೂರೋಪಿನಲ್ಲೇ ಅತಿ ಹೆಚ್ಚು ಕುಡಿಯುವವರ ಸಾಲಿನಲ್ಲಿದ್ದರು. ಶುಕ್ರವಾರ ರಾತ್ರಿ ರಾಜಧಾನಿ ರೇಕ್ಯಾವಿಕ್‌ನ ನಡುಬೀದಿಯಲ್ಲಿ ಕುಡಿದ ಹುಡುಗ ಹುಡುಗಿಯರ ಗುಂಪಿನಿಂದಾಗಿ ನಡೆಯುವುದಕ್ಕೇ ಹೆದರಿಕೆ ಆಗುತ್ತಿತ್ತಂತೆ. 1998ರಲ್ಲಿ 15-16 ವರ್ಷದವರಲ್ಲಿ ಶೇಕಡಾ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇಕಡಾ 5ಕ್ಕೆ ಇಳಿಯಿತು. ದಿನವೂ ಸಿಗರೇಟು ಸೇದುವವರು ಶೇಕಡಾ 23ರಿಂದ 3ಕ್ಕೆ ಇಳಿದರು.

ಅವರು ಮಾಡಿದ್ದು ಏನು? ಮೊದಲು, ಕೇಳಿದರು. ದೇಶದ ಎಲ್ಲ ಶಾಲೆಗಳಲ್ಲಿ, ಹೆಸರು ಬರೆಯಿಸದೆ, ಪ್ರಶ್ನಾವಳಿ ಹಂಚಿದರು. ಕುಡಿದೆಯಾ, ಸೇದಿದೆಯಾ ಎಂಬಷ್ಟೇ ಪ್ರಶ್ನೆ ಅಲ್ಲ. ಸಂಜೆ ಎಲ್ಲಿರುತ್ತೀ, ಅಪ್ಪ ಅಮ್ಮನ ಜೊತೆ ವಾರದಲ್ಲಿ ಎಷ್ಟು ಹೊತ್ತು ಇರುತ್ತೀ, ನಿನ್ನ ಗೆಳೆಯರು ಯಾರು ಎಂಬುದು ಅವರಿಗೆ ಗೊತ್ತೇ ಎಂದೂ ಕೇಳಿದರು. ಇಂಗಾ ದೋರಾ ಸಿಗ್‌ಫುಸ್‌ದೋತ್ತಿರ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಸಂಗಡಿಗರು ಈ ಉತ್ತರಗಳನ್ನು ಜರಡಿ ಹಿಡಿದಾಗ, ಚಟಕ್ಕೆ ಬೀಳದ ಮಕ್ಕಳಲ್ಲಿ ನಾಲ್ಕು ಸಂಗತಿಗಳು ಮೇಲೆ ನಿಂತವು. ವಾರಕ್ಕೆ ಮೂರು ನಾಲ್ಕು ದಿನ ಯಾರಾದರೂ ಕಲಿಸುವವರಿದ್ದು ನಡೆಯುವ ಆಟ, ಸಂಗೀತ, ಚಿತ್ರ. ವಾರದ ದಿನಗಳಲ್ಲಿ ಮನೆಯವರೊಂದಿಗೆ ಕಳೆವ ಹೊತ್ತು. ಶಾಲೆಯಲ್ಲಿ ನನ್ನನ್ನು ಕೇಳುವವರಿದ್ದಾರೆ ಎಂಬ ಭಾವನೆ. ರಾತ್ರಿ ತಡವಾಗಿ ಹೊರಗೆ ಅಲೆಯದಿರುವುದು. ನಮ್ಮ ಅಜ್ಜಿಯಂದಿರು ಇದನ್ನು ಸಮೀಕ್ಷೆ ಇಲ್ಲದೆಯೇ ಹೇಳುತ್ತಿದ್ದರು ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಆದರೆ ಅಜ್ಜಿಯ ಮಾತನ್ನು ಯಾವ ಸರ್ಕಾರವೂ ಬಜೆಟ್ಟಿಗೆ ಸೇರಿಸಲಿಲ್ಲ. ಇವರು ಸೇರಿಸಿದರು. ರೇಕ್ಯಾವಿಕ್ ನಗರಸಭೆ ಪ್ರತಿ ಮಗುವಿನ ಹೆಸರಿಗೆ ವರ್ಷಕ್ಕೆ 35,000 ಕ್ರೋನಾ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿಯ ಕಾರ್ಡು ಕೊಟ್ಟಿತು. ಅದರಲ್ಲಿ ಫುಟ್‌ಬಾಲಿಗಾದರೂ ಸೇರು, ಪಿಯಾನೋಗಾದರೂ ಸೇರು.

ಆ ಯೋಜನೆಯ ಹಿಂದೆ ಹಾರ್ವೆ ಮಿಲ್ಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ವಿಚಾರವಿತ್ತು. ಹುಡುಗರು ಹುಡುಕುವುದು ಅಮಲನ್ನು, ಮೈ ಜುಮ್ಮೆನ್ನುವ ಅನುಭವವನ್ನು. ಅದನ್ನು ಬೇರೆ ದಾರಿಯಲ್ಲಿ ಕೊಡಲು ಸಾಧ್ಯವಿದ್ದರೆ ಕೊಡಿ ಎಂಬುದು ಅವನ ವಾದ. ನಮ್ಮ ಕಡೆ ಗರಡಿಮನೆಯ ಕೆಂಪು ಮಣ್ಣಿನಲ್ಲಿ ಉರುಳಾಡಿ ಎದ್ದವರಿಗೆ, ಸುಗ್ಗಿಯ ಕಬಡ್ಡಿಯಲ್ಲಿ ಉಸಿರು ಕಟ್ಟಿ ಗೆರೆ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ದೊಡ್ಡವರ ಪಾಲು. ಇಪ್ಪತ್ತರೊಳಗಿನವರಿಗೆ ಮದ್ಯ ಮಾರುವುದು ಅಲ್ಲಿ ಅಪರಾಧ. ಮದ್ಯ, ತಂಬಾಕಿನ ಜಾಹೀರಾತಿಗೆ ನಿಷೇಧ. ಪ್ರತಿ ಶಾಲೆಯಲ್ಲೂ ಪೋಷಕರ ಸಂಘ ಇರಲೇಬೇಕು ಎಂದು ಕಾನೂನು. ಆ ಸಂಘದವರು ಕೂಡಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ: ನಮ್ಮ ಮನೆಯಲ್ಲಿ ದೊಡ್ಡವರಿಲ್ಲದ ಪಾರ್ಟಿಗೆ ಬಿಡುವುದಿಲ್ಲ, ನಿಮ್ಮ ಮಕ್ಕಳಿಗೂ ಮದ್ಯ ಕೊಡಿಸುವುದಿಲ್ಲ. ವಾರಾಂತ್ಯದ ರಾತ್ರಿ ಪೋಷಕರೇ ಸರದಿಯಲ್ಲಿ ಓಣಿಗಳಲ್ಲಿ ನಡೆಯುತ್ತಾರೆ. ಬೈಯುವುದಕ್ಕಲ್ಲ, ಸುಮ್ಮನೆ ಕಾಣಿಸಿಕೊಳ್ಳಲು. ಇಡೀ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಈ ಸಹಿ. ಸಹಿ ಹಾಕುವವರು ಹುಡುಗರಲ್ಲ, ಅಪ್ಪ ಅಮ್ಮ.

ಐಸ್‌ಲ್ಯಾಂಡಿನ ಯೋಜನೆಯನ್ನು ಹಾಗೆಯೇ ತಂದು ಇಲ್ಲಿ ನೆಡಲು ಆಗುವುದಿಲ್ಲ. ಅದು ಚಿಕ್ಕ ದೇಶ, ಹಣವಿರುವ ದೇಶ. ಅದೇ ಕಾಲದಲ್ಲಿ ಯೂರೋಪಿನ ಬೇರೆ ದೇಶಗಳಲ್ಲೂ ಎಳೆಯರ ಕುಡಿತ ಕಡಿಮೆಯಾಗಿದೆ. ಎಲ್ಲ ಕೀರ್ತಿಯನ್ನೂ ಒಂದೇ ಯೋಜನೆಗೆ ಕೊಡಲಾಗದು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಹೊರಗಿರಬಾರದು ಎಂಬ ಅವರ ಕಾನೂನಂತೂ ನಮ್ಮಲ್ಲಿ ಬಂದರೆ ಮೊದಲು ಬೀಗ ಬೀಳುವುದು ಹೆಣ್ಣುಮಕ್ಕಳ ಮೇಲೆ. ಸಂಜೆಯಾದರೆ ನಮ್ಮ ಊರುಗಳ ಬೀದಿಯಲ್ಲಿ ಗಂಡುಹುಡುಗರು ಎಲ್ಲೆಲ್ಲೂ ಇರುತ್ತಾರೆ, ಹುಡುಗಿಯರು ಎಲ್ಲೂ ಇರುವುದಿಲ್ಲ.

ಐಸ್‌ಲ್ಯಾಂಡಿನವರಿಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ನಮ್ಮ ಬಾಗಲಕೋಟೆ ಸೀಮೆಯಲ್ಲೇ ಒಬ್ಬರು ದೊಡ್ಡವರ ಬಾಗಿಲು ಬಡಿದಿದ್ದರು. ಇಳಕಲ್ಲು ಸೀರೆ ನೇಯುವವರ ಊರು, ಕೆಂಪು ಗ್ರಾನೈಟ್ ಒಡೆಯುವವರ ಊರು. ಅಲ್ಲಿಯ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳಿಗೆ ನಮಗೆ ಹೊಸತಲ್ಲ. ಕಾಳು ಬೇಡುವ ಜೋಳಿಗೆ, ಮಠದ ದಾಸೋಹಕ್ಕೆ ಬೇಡುವ ಜೋಳಿಗೆ ಎಲ್ಲರೂ ಕಂಡವರೇ. ಇವರು ಬೇಡಿದ್ದು ಚಟವನ್ನು. ನಿಮ್ಮ ಕುಡಿತ, ನಿಮ್ಮ ಬೀಡಿ, ನಿಮ್ಮ ತಂಬಾಕನ್ನು ಇದರೊಳಗೆ ಹಾಕಿ ಎಂದು ಬಾಗಿಲಲ್ಲಿ ನಿಂತರು. ಅದೇ ಮಹಾಂತ ಜೋಳಿಗೆ. ನಾಲ್ಕು ದಶಕಕ್ಕೂ ಮೀರಿ ಅದು ಊರೂರು ತಿರುಗಿತು. ಅವರು ಲಿಂಗೈಕ್ಯರಾದದ್ದು 2018ರಲ್ಲಿ. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಜೋಳಿಗೆಯ ಜಾಣ್ಮೆಯನ್ನು ಗಮನಿಸಿ. ಕುಡುಕನ ಬಾಗಿಲಿಗೆ ಬರುವವರು ಸಾಮಾನ್ಯವಾಗಿ ಸಾಲಗಾರರು, ಪೊಲೀಸರು, ಬುದ್ಧಿ ಹೇಳುವ ಮಾವಂದಿರು. ಎಲ್ಲರೆದುರೂ ಅವನು ತಲೆ ತಗ್ಗಿಸಬೇಕು. ಸ್ವಾಮಿಗಳು ಬೇಡುವವರಾಗಿ ಬಂದಾಗ ಅವನು ಕೊಡುವವನಾದ. ಮನೆ ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಹಳೆಯ ಸಂಕೋಚವೂ ಕೆಲಸ ಮಾಡಿತು. ಕೊಟ್ಟದ್ದನ್ನು ಮರಳಿ ಕೇಳುವುದು ನಮ್ಮಲ್ಲಿ ಮಾನಗೇಡು. ಹೆಂಡತಿ, ಮಕ್ಕಳು, ನೆರೆಯವರು ನೋಡುತ್ತಿರುವಾಗ ಹಾಕಿದ ಬೀಡಿ ಕಟ್ಟು ಅದು. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದವನೇ ಆದ ಹೆಂಡದ ಮಾರಯ್ಯ, ಕುಡಿಯಲು ಬಂದವರಿಗೇ ಕುಡಿತದ ಕೆಡುಕನ್ನು ತಿಳಿಹೇಳುತ್ತಿದ್ದ ಎಂಬ ಐತಿಹ್ಯವಿರುವ ನಾಡು ಇದು. ಗಿರಾಕಿಯನ್ನೇ ವಾಪಸು ಕಳಿಸಿದ ವ್ಯಾಪಾರಿಯ ಮಾತು ಎತ್ತಿದ್ದಕ್ಕೆ ಹಿಂದೆ ನಿಂತವರು ನಗುತ್ತಿದ್ದೀರಿ, ನಗಿ.

ಜೋಳಿಗೆಗೂ ಮಿತಿಯಿದೆ. ಅದು ಹೋಗುವುದು ಚಟ ಹತ್ತಿದವರ ಬಾಗಿಲಿಗೆ. ಹಾಕಿದವರೆಲ್ಲ ಬಿಟ್ಟರು ಎಂದು ನಾನು ಹೇಳಲಾರೆ. ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ, ಚಟಕ್ಕೆ ಕರೆಯುವ ಸಂಜೆ ಮತ್ತೆ ಬಂದೇ ಬರುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ಇದಕ್ಕೊಂದು ಉತ್ತರವಿದೆ. ಶಿಬಿರ ಮುಗಿದವರನ್ನು ನವಜೀವನ ಸಮಿತಿಗೆ ಸೇರಿಸುತ್ತಾರೆ. ಬಿಟ್ಟವರೆಲ್ಲ ಕೂಡುತ್ತಾರೆ, ಒಬ್ಬರ ಕಾಲು ಜಾರಿದರೆ ಇನ್ನೊಬ್ಬರಿಗೆ ತಿಳಿಯುತ್ತದೆ. ಅಪ್ಪ ಬಿಟ್ಟರೆ ಮಗನ ಸಂಜೆ ಬದಲಾಗುತ್ತದೆ. ಕುಡಿತ ಬಿಡಿಸುವ ಕೆಲಸವನ್ನು ಚಿಕಿತ್ಸೆ, ಎಳೆಯರಿಗೆ ಹತ್ತದಂತೆ ನೋಡುವುದನ್ನು ತಡೆ ಎಂದು ಪುಸ್ತಕದಲ್ಲಿ ಎರಡು ಅಧ್ಯಾಯ ಮಾಡುತ್ತಾರೆ. ಮನೆಯೊಳಗೆ ಅವು ಒಂದೇ.

ಹೆಣ್ಣುಮಕ್ಕಳು ಇದನ್ನು ಯಾವಾಗಲೋ ಅರಿತಿದ್ದಾರೆ. ಮದ್ಯದ ವಿರುದ್ಧ ಬೀದಿಗಿಳಿದವರೂ ಅವರೇ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ಬ್ರಾಂಡಿಯ ಟೆಟ್ರಾ ಪ್ಯಾಕ್ ಬಂತು, ಕಿರಾಣಿ ಅಂಗಡಿಯ ಹಿಂಬಾಗಿಲಿಗೂ ಬಂತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರು ನಡೆದರು. ಅವರ ಕಾಲ ಬೊಬ್ಬೆ ಆರುವ ಮೊದಲೇ ಅಬಕಾರಿ ಗುರಿ ಏರಿತು. 2024-25ರ ಬಜೆಟ್ಟಿನಲ್ಲಿ ಆ ಗುರಿ 38,525 ಕೋಟಿ ರೂಪಾಯಿ. ನಾನು ಸಂಪೂರ್ಣ ನಿಷೇಧದ ಪರ ವಾದಿಸಲು ಬಂದಿಲ್ಲ. ಕಳ್ಳಭಟ್ಟಿಯ ಸಾವುಗಳನ್ನು ಕಂಡ ತಲೆಮಾರು ನನ್ನದು. ಆದರೆ ಒಂದು ಇಲಾಖೆ ಹೆಚ್ಚು ಮಾರಲು ಗುರಿ ಹಾಕಿಕೊಂಡಿರುವಾಗ ಇನ್ನೊಂದು ಇಲಾಖೆ ಜಾಥಾಕ್ಕೆ ಬ್ಯಾನರು ಕೊಟ್ಟರೆ ಹುಡುಗರಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೇವೆಯೇ? ಆ ಮೊತ್ತದ ನೂರರಲ್ಲಿ ಒಂದು ಪಾಲು 385 ಕೋಟಿ ಆಗುತ್ತದೆ. ರಾಜ್ಯದ ಎಷ್ಟು ಶಾಲೆಗಳಿಗೆ ಸಂಜೆಯ ಆಟದ ಮೇಷ್ಟ್ರು ಬಂದಾರು, ಮನೆಗೆ ಹೋಗಿ ಲೆಕ್ಕ ಹಾಕಿ.

ಈಗಾಗಲೇ ಜಾರಿದ ಮಕ್ಕಳ ಬಗ್ಗೆ ಎರಡೇ ಮಾತು. ಟಿಸಿ ಕೊಟ್ಟು ಕಳಿಸಬೇಡಿ. ಶಾಲೆಯಿಂದ ಹೊರಹಾಕಿದ ಹುಡುಗನಿಗೆ ಇಡೀ ದಿನವೇ ಕೇಳುವವರಿಲ್ಲದ ಸಂಜೆಯಾಗುತ್ತದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದ ಕೇಂದ್ರ ತಿಳಿಸುತ್ತಾರೆ. ಮಾದಕ ವಸ್ತು ಕಾಯ್ದೆಯಲ್ಲೇ, ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಮು ಇದೆ, 64ಎ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳವರು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ.

ಕೊನೆಗೆ ನಮ್ಮ ಓಣಿಯ ಮಾತು. ನಮ್ಮ ಸರ್ಕಾರಿ ಶಾಲೆಗೆ ಒಳ್ಳೆಯ ಮೈದಾನವಿದೆ. ನಾಲ್ಕೂವರೆಗೆ ಗಂಟೆ ಹೊಡೆದರೆ ಗೇಟಿಗೆ ಬೀಗ. ಕುಡುಕರು ಒಳಗೆ ಬಂದು ಬಾಟಲಿ ಒಡೆಯುತ್ತಾರೆ ಎಂದು ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯೇ ಮಾಡಿದ ಠರಾವು, ಅದರಲ್ಲಿ ನನ್ನ ಸಹಿಯೂ ಇತ್ತು. ಕುಡುಕರು ಕಾಂಪೌಂಡ್ ಹಾರಿ ಬರುತ್ತಲೇ ಇದ್ದರು. ಹೊರಗೆ ಉಳಿದವರು ಮಕ್ಕಳು. ಅವರು ಗೇಟಿನೆದುರಿನ ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಕಟ್ಟೆಯ ಪಕ್ಕವೇ ಗೂಡಂಗಡಿ.

ಎರಡು ವರ್ಷದ ಹಿಂದೆ ನಾವು ಒಂಬತ್ತು ಜನ ಸೇರಿ ಕೀಲಿಯ ಜವಾಬ್ದಾರಿ ತೆಗೆದುಕೊಂಡೆವು. ವಾರಕ್ಕೊಬ್ಬರ ಸರದಿ. ಐದಕ್ಕೆ ಗೇಟು ತೆಗೆಯಬೇಕು, ಏಳಕ್ಕೆ ಹಾಕಬೇಕು, ಆ ಎರಡು ಗಂಟೆ ಅಲ್ಲೇ ಇರಬೇಕು, ಅಲ್ಲಿ ಬೀಡಿ ಸೇದಬಾರದು. ಕೊನೆಯ ಷರತ್ತಿಗೆ ಮೊದಲ ತಿಂಗಳೇ ಇಬ್ಬರು ಬಿಟ್ಟು ಹೋದರು. ಇನ್ನೊಬ್ಬರಿಗೆ ವರ್ಗವಾಯಿತು. ಮಂಗಳವಾರ ಮತ್ತು ಶುಕ್ರವಾರ ಅರ್ಧ ಮೈದಾನ ಹುಡುಗಿಯರ ಖೋಖೋಗೆ ಎಂದು ತೀರ್ಮಾನಿಸಿದಾಗ ಕ್ರಿಕೆಟ್ ಹುಡುಗರು ತಕರಾರು ತೆಗೆದರು. ಮೂರು ವಾರ ಜಗಳ ನಡೆಯಿತು, ಈಗ ಹೊಂದಿಕೊಂಡಿದ್ದಾರೆ. ಗೂಡಂಗಡಿ ಹಾಗೇ ಇದೆ. ಅಂಗಡಿಯವನು ತಂಬಾಕಿನ ಮಾಲೆಯನ್ನು ಮುಂದಿನಿಂದ ತೆಗೆದು ಒಳಗಿಟ್ಟಿದ್ದಾನೆ, ಸಂಜೆ ಶೇಂಗಾ ಮಾರುತ್ತಾನೆ, ಚಿಕ್ಕ ಹುಡುಗರಿಗೆ ಚೀಟಿ ಕೊಡುವುದಿಲ್ಲ ಎನ್ನುತ್ತಾನೆ. ನಾನು ಪೂರ್ತಿ ನಂಬಿಲ್ಲ. ಎಷ್ಟು ಮಕ್ಕಳು ಚಟದಿಂದ ತಪ್ಪಿಸಿಕೊಂಡರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಅಂಕಿಯಿಲ್ಲ. ನಲವತ್ತು ಮಕ್ಕಳು ದಿನಾ ಬರುತ್ತಾರೆ ಎಂಬುದೊಂದು ಗೊತ್ತು. ಅವರಲ್ಲಿ ಇಪ್ಪತ್ತು ಮಕ್ಕಳ ಹೆಸರು ನನಗೆ ಬರುತ್ತದೆ. ಮೂವತ್ತೊಂದು ವರ್ಷ ಹಾಜರಿ ಕೂಗಿದವನಿಗೆ ಓಣಿಯ ಮಕ್ಕಳ ಹೆಸರು ಗೊತ್ತಾದದ್ದು ನಿವೃತ್ತಿಯ ನಂತರ.

ಈಗ ಆರು ಇಪ್ಪತ್ತೈದು. ಈ ವಾರದ ಸರದಿ ನನ್ನದು. ನನ್ನ ಬದಲು ಪಕ್ಕದ ಮನೆಯ ಟೇಲರ್ ಅಣ್ಣ ಅಂಗಡಿ ಬಿಟ್ಟು ಬಂದು ಗೇಟಿನಲ್ಲಿ ಕೂತಿದ್ದಾರೆ. ಲಗ್ನದ ಸೀಸನ್ನು, ಅವರಿಗೆ ಹೊಲಿಗೆ ಬಾಕಿ ಇದೆ. ಕೀಲಿ ನನ್ನ ಜೇಬಿನಲ್ಲೇ ಉಳಿದಿದೆ. ಪ್ರಶ್ನೆಗಳಿದ್ದವರು ನನ್ನ ಜೊತೆ ಮೈದಾನದವರೆಗೆ ನಡೆದು ಬನ್ನಿ, ದಾರಿಯಲ್ಲಿ ಮಾತಾಡೋಣ.